ಅರಕೇರಾದ ಸೋಲಾರ್ ಪ್ಲೇಟುಗಳು

ಮಂಗಳವಾರ ಬೆಳಗ್ಗೆ ರಾಯಚೂರಿನ ಬಸವಂತಮ್ಮನವರ ಮನೆಗೆ ಬಂದ ಹುಡುಗಿ ಕೂರಲೂ ಇಲ್ಲ, ನಿಂತಲ್ಲೇ ಶುರು ಮಾಡಿದಳು.

"ನನ್ನನ್ನ ಕಳ್ಳಿ ಅನ್ನಾಕತ್ತಾರ್ರಿ ಅಮ್ಮಾರ. ನಾಳೆಯೊಳಗ ಖರೇ ಕಳ್ಳ ಸಿಗದಿದ್ರ ನನ್ನ ನೌಕರಿ ಹೋದಂಗ."

ಪೊಲೀಸ್ ಇಲಾಖೆಯಿಂದ ನಿವೃತ್ತರಾದ ಮೇಲೂ ಬಸವಂತಮ್ಮನವರನ್ನು ಹುಡುಕಿಕೊಂಡು ಇಂಥವರು ಬರುತ್ತಲೇ ಇದ್ದರು. ಆಗೆಲ್ಲ ಮಾಳಿಗೆಯ ಬಾಡಿಗೆಮನೆಯ ಮಲ್ಲಿಕಾ, ಮಕ್ಕಳನ್ನು ಶಾಲೆಗೆ ಅಟ್ಟಿ, ಗಂಡನ ಹಳೆಯ ಓಮ್ನಿಯ ಕೀಲಿ ಹಿಡಿದು ಕೆಳಗಿಳಿಯುತ್ತಿದ್ದಳು. ಅಂದೂ ಇಳಿದಳು.

ಹುಡುಗಿ ಮಾನ್ವಿಯ ನಿಗಾರ್. ಪದವಿ ಮುಗಿಸಿ ರಾಯಚೂರಿನ ಹಣಕಾಸು ಸಂಸ್ಥೆಯೊಂದರಲ್ಲಿ ಟ್ರೇನಿಯಾಗಿದ್ದಳು. ನೆಲ, ನೀರು ಕೆಡಿಸದ ಕೆಲಸಕ್ಕೆ ಮಾತ್ರ ಸಾಲ ಕೊಡುವ ಸಂಸ್ಥೆ ಅದು; ಕೊಟ್ಟ ಸಾಲಕ್ಕೆ ತಕ್ಕ ಕೆಲಸ ಆಗಿದೆಯೇ ಎಂದು ಊರೂರು ಸುತ್ತಿ ನೋಡುವುದು ನಿಗಾರ್‌ಳ ಪಾಲಿನ ಕಲಿಕೆ. ಅರಕೇರಾದ ಹೆಂಗಸರ ಸಂಘಕ್ಕೆ ಮೆಣಸಿನಕಾಯಿ ಒಣಗಿಸುವ ಸೋಲಾರ್ ಯಂತ್ರ ಹಾಕಿಸಿದ್ದು ಅವಳೇ ನಿಭಾಯಿಸಿದ ಮೊದಲ ಕೆಲಸ. ಸಂಸ್ಥೆಗೆ ಹಣ ಹೂಡುವವರು ಬುಧವಾರ ಅದನ್ನು ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ನೌಕರಿ ಕಾಯಂ. ಆದರೆ ಸೋಮವಾರ ಯಂತ್ರದ ಎರಡೂ ಪ್ಲೇಟು ಮಾಯವಾಗಿದ್ದವು.

"ನಿನ್ನ ಹೆಸರು ಹೇಳಿದವರು ಯಾರು?" ಬಸವಂತಮ್ಮ ಕೇಳಿದರು.

"ಪ್ಲೇಟು ಜೋಡಿಸಿದ ಅಂಬರೇಶ. ಹುಟ್ಟಿ ಬೆಳೆದದ್ದು ರಾಯಚೂರು ಪ್ಯಾಟ್ಯಾಗ, ಈಗ ದೇವದುರ್ಗದಾಗ ಅಂಗಡಿ, ಟೆಂಪೋ ಇಟ್ಟಾನ. ಸೋಮವಾರ ನಾ ನಿಂತು ಎತ್ತಿನ ಬಂಡಿಗೆ ಹೇರಿಸಿದ್ದನ್ನ ಅವ ಕಣ್ಣಾರೆ ನೋಡ್ಯಾನಂತ. ಅವತ್ತು ನಾ ಮಾನ್ವ್ಯಾಗ ಮನ್ಯಾಗ ಇದ್ದೆ."

"ಅವನ ಜೋಡಿ ಜಗಳೇನು?"

"ಇಲ್ರಿ. ಬುಧವಾರಕ್ಕ ಮೊದಲು ಮೀಟರ್ ಹಚ್ಚಿ ಪ್ಲೇಟಿನ ತಾಕತ್ತು ನೋಡ್ತೀನಿ ಅಂದಿದ್ದೆ. ಆತು ಮೇಡಂ ಅಂದ, ಅಷ್ಟೇ."

ಅರಕೇರಾದಲ್ಲಿ ಬಸವಂತಮ್ಮ ಯಂತ್ರದ ಸುತ್ತ ನಿಧಾನವಾಗಿ ಸುತ್ತಿದರು. ಚೌಕಟ್ಟಿನ ಒಂದು ನಟ್ಟೂ ಮುರಿದಿರಲಿಲ್ಲ. ಜೋತುಬಿದ್ದ ತಂತಿಗಳ ತುದಿಗೆ ಕಪ್ಪು ಟೇಪು ಅಚ್ಚುಕಟ್ಟಾಗಿ ಸುತ್ತಿತ್ತು.

"ನಿನ್ನೆ ನಾವ್ಯಾರೂ ಊರಾಗ ಇರ್ಲಿಲ್ರಿ," ಎಂದಳು ಸಂಘದ ಮುಖಂಡೆ ಮುದುಕಮ್ಮ. "ಮುಂಜಾನೆ ಎತ್ತಿನ ಮೈ ತೊಳದು, ಕುಂಕುಮ ಹಚ್ಚಿ, ಹತ್ತಿ ಬಿಡಿಸಾಕ ಹೋಗಿದ್ವಿ. ಆದ್ರ ಈ ಹುಡುಗಿ ಕಳ್ಳಿ ಅಂದ್ರ ನಾ ಒಪ್ಪಂಗಿಲ್ಲ."

"ಪ್ಲೇಟು ಕಂಡ್ರ ಗುರ್ತು ಹಿಡಿತೀಯೇನವ್ವ?"

"ಹಿಡಿಯಂಗಿಲ್ಲೇನು? ಮೊದಲನೇ ದಿನ ಅದರ ಮೂಲಿಮೂಲಿಗೆ ಅರಿಶಿಣ ಬಡಿದಾಕಿ ನಾನು. ಅಂಬರೇಶ ಒರಸಾಕ ಬಂದ. ಕೈ ಹಚ್ಚಿದ್ರ ನೋಡು ಅಂದೆ."

ಬಸವಂತಮ್ಮ ಮಲ್ಲಿಕಾಳ ಕಿವಿಯಲ್ಲಿ ಏನೋ ಹೇಳಿ, "ಚೌಕಾಸಿ ಮಾಡಾಕ ಬರ್ತದಿಲ್ಲ?" ಎಂದರು.

"ಎರಡು ಮಕ್ಕಳ ತಾಯಿಗೆ ಕೇಳೋ ಮಾತೇನ್ರಿ ಅದು," ಎನ್ನುತ್ತ ಮಲ್ಲಿಕಾ ಗಾಡಿ ಹತ್ತಿದಳು.

ಮಧ್ಯಾಹ್ನ ಅವಳು ಮರಳುವಷ್ಟರಲ್ಲಿ ಯಂತ್ರದ ಮುಂದೆ ಎಲ್ಲರೂ ನೆರೆದಿದ್ದರು. ಸಂಸ್ಥೆಯ ಮ್ಯಾನೇಜರ್ ಪ್ರಿಯದರ್ಶಿನಿ ರಾಯಚೂರಿನಿಂದ ಬಂದಿದ್ದರು. ಹೇಳಿಕಳಿಸಿದ್ದಕ್ಕೆ ಬಂದ ಅಂಬರೇಶ ಕೈಕಟ್ಟಿ ನಿಂತಿದ್ದ.

"ಬಂಡಿ ಯಾವೂರಿಂದಪ್ಪ?" ಬಸವಂತಮ್ಮ ಕೇಳಿದರು.

"ಇದೇ ಊರಿಂದ್ರಿ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. "ಯಪ್ಪಾ, ಸೋಮವಾರ ಬಸವಣ್ಣನ ದಿನ," ಎಂದಳು ಮುದುಕಮ್ಮ. "ಅವತ್ತು ನಮ್ಮೂರಾಗ ಯಾವ ಎತ್ತಿನ ಹೆಗಲಿಗೂ ನೊಗ ಏರಂಗಿಲ್ಲ."

"ಪ್ಯಾಟ್ಯಾಗ ಬೆಳೆದವಗ ಎತ್ತಿನ ರಜಾ ಹೆಂಗ ಗೊತ್ತಾಗಬೇಕು?" ಎಂದರು ಬಸವಂತಮ್ಮ. "ಸುಳ್ಳು ಹೇಳೋವ ಬಂಡೀನೇ ಯಾಕ ತಂದ? ತನ್ನ ಟೆಂಪೋ ಮ್ಯಾಲ ಯಾರ ಕಣ್ಣೂ ಬೀಳಬಾರ್ದು ಅಂತ. ಇನ್ನ ಈ ಟೇಪು ನೋಡ್ರಿ. ಕಳ್ಳಗ ತಂತಿ ತುದಿ ಗೊಡವಿ ಯಾಕ? ದಿನಾ ಇದೇ ಕೆಲಸ ಮಾಡೋ ಕೈ, ರೂಢಿ ಬಿಡಲಿಲ್ಲ, ತಾನೇ ಸುತ್ತಿಬಿಡ್ತು."

ಅಂಬರೇಶ ಮುಖ ಬಿಗಿದ. "ನಾ ಯಾಕ ಕದೀಲ್ರಿ? ನಾನೇ ಹಾಕಿದ ಪ್ಲೇಟು."

"ಅದಕ್ಕ. ಮಲ್ಲಿಕಾ, ಇಳಸವಾ."

ಓಮ್ನಿಯ ಹಿಂಬಾಗಿಲು ತೆರೆಯಿತು. ಒಳಗೆ ಗೋಣಿತಟ್ಟು ಹೊದಿಸಿದ ಎರಡು ಪ್ಲೇಟು. "ಹಳೇ ಪ್ಲೇಟು ಸಿಗ್ತಾವೇನ್ರಿ ಅಂತ ನಿಮ್ಮ ಅಂಗಡ್ಯಾಗ ಕೇಳಿದೆ," ಎಂದಳು ಮಲ್ಲಿಕಾ. "ನಿಮ್ಮ ಮನಿಯವರು ಚಹಾ ಕುಡಿಸಿದ್ರು, ರೇಟು ಮಾತ್ರ ಇಳಸಲಿಲ್ಲ."

ಚೌಕಟ್ಟಿನ ಮೂಲೆಗಳಲ್ಲಿ ಒಣಗಿದ ಅರಿಶಿಣವಿತ್ತು. ಮುದುಕಮ್ಮ ಅದರ ಮೇಲೆ ಬೆರಳಿಟ್ಟು ತಲೆಯಾಡಿಸಿದಳು. ಬಸವಂತಮ್ಮ ಹಿಂಬದಿಯ ಹೊಸ ಸ್ಟಿಕ್ಕರನ್ನು ಉಗುರಿನಿಂದ ಕಿತ್ತರು. ಕೆಳಗೆ ಬೇರೆ ಕಂಪನಿಯ, ಬಣ್ಣ ಹೋದ ಸ್ಟಿಕ್ಕರು.

"ಎಲ್ಲೋ ಬಿಚ್ಚಿ ಎಸೆದ ಮಾಲಿಗೆ ಹೊಸ ಅಂಗಿ ತೊಡಿಸ್ಯಾನ. ಮೀಟರ್ ಹಚ್ಚಿದ್ರ ಬಣ್ಣ ಬಯಲಾಕ್ಕಿತ್ತು. ಪ್ಲೇಟೂ ಇರಬಾರ್ದು, ಹಚ್ಚೋ ಹುಡುಗೀನೂ ಇರಬಾರ್ದು ಅಂತ ಈ ಆಟ."

ಅಂಬರೇಶನ ದನಿ ಕುಗ್ಗಿತು. "ಇಷ್ಟು ವರ್ಷದಾಗ ಯಾರೂ ಮೀಟರ್ ಹಚ್ಚಿ ನೋಡಿರ್ಲಿಲ್ರಿ."

ಅವನನ್ನು ಪೊಲೀಸರಿಗೆ ಒಪ್ಪಿಸಿದ ಮೇಲೆ ಪ್ರಿಯದರ್ಶಿನಿ ನಿಗಾರ್‌ಳತ್ತ ತಿರುಗಿದರು. "ನಿನ್ನ ಮೇಲೆ ಅನುಮಾನಪಟ್ಟಿದ್ದು ನನ್ನ ತಪ್ಪು. ನಾಳೆ ಬರಬೇಡಿ ಅಂತ ಹಣ ಹೂಡುವವರಿಗೆ ಹೇಳಿಬಿಡಲೇ?"

"ಬರ್ಲಿ ಮೇಡಂ. ಹೊಸ ಪ್ಲೇಟು ಹಾಕ್ಸೂಣು, ಹಳೇವನ್ನೂ ಬಾಜೂಕ ಇಡೂಣು."

ಬುಧವಾರ ಬಿಸಿಲೇರಿದಾಗ ಹಣ ಹೂಡುವವರ ಎದುರಿಗೇ ನಿಗಾರ್ ಎರಡಕ್ಕೂ ಮೀಟರ್ ಹಚ್ಚಿದಳು. ಹಳೆಯದಕ್ಕೆ ಹಚ್ಚಿದಾಗ ಮೀಟರಿನ ಮುಳ್ಳು ಅರ್ಧಕ್ಕೂ ಏರಲಿಲ್ಲ. ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಬಂದವರಲ್ಲಿ ಹಿರಿಯರು ಕನ್ನಡಕ ತೆಗೆದು ಕೇಳಿದರು:

"ಇಂಥ ಮೋಸ ಇನ್ನೂ ಎಷ್ಟು ಕಡೆ ಆಗಿದೆಯಮ್ಮ?"

"ಗೊತ್ತಿಲ್ರಿ ಸರ್. ನೌಕರಿ ಕಾಯಂ ಮಾಡಿದ್ರ ಎಲ್ಲಾ ಕಡೆ ತಿರುಗಿ, ನೋಡಿ ಬಂದು ಹೇಳ್ತೀನಿ."

ಹಿರಿಯರು ಗಟ್ಟಿಯಾಗಿ ನಕ್ಕು ಪ್ರಿಯದರ್ಶಿನಿಯ ಮುಖ ನೋಡಿದರು.

"ಮಾಡಿಯಾಯಿತು," ಎಂದರು ಪ್ರಿಯದರ್ಶಿನಿ. "ನಾಳೆಯಿಂದಲೇ ಹೊರಡು."