ಡೊಂಬಿವಲಿಯ ಕಡಲು

"ಸಾರ್, ಒಂದು ಪ್ರಶ್ನೆ," ಎಂದು ಸ್ವರ್ಣಲತಾ ಎದ್ದು ನಿಂತಳು. "ನಿಮ್ಮ ಕಾದಂಬರಿಯ ಹೀರೊ ಡೊಂಬಿವಲಿ ಸ್ಟೇಷನ್ನಿನಲ್ಲಿ ಇಳಿದು ಸೀದಾ ಕಡಲ ತೀರಕ್ಕೆ ನಡೆದು ಹೋಗ್ತಾನಲ್ಲ, ಆ ದಾರಿ ಯಾವುದು ಮಾರಾಯ್ರೆ? ಹುಟ್ಟಿದಾಗಿನಿಂದ ಇಲ್ಲೇ ಇದ್ದೇನೆ, ನನಗೆ ಸಿಗಲೇ ಇಲ್ಲ!"

ಮುಂಬಯಿಯ ಹೊರಗಿನ ಆ ಊರಿಗೆ ಕಡಲ ತೀರವೇ ಇಲ್ಲ. ಕನ್ನಡ ಸಂಘದ ಹಾಲ್ ಗೊಳ್ಳೆಂದು ನಕ್ಕಿತು. ವೇದಿಕೆಯ ಮೇಲಿದ್ದ ಹಯಗ್ರೀವ ಬೆವತುಹೋದ. ಅವನೋ ರೋಣದ ಹೈಸ್ಕೂಲ್ ಮಾಸ್ತರ. ಒಲೆಯ ಮೇಲೆ ಹಾಲು ಉಕ್ಕಿದರೂ ಹೆಂಗಸರು ಕೆಳಗಿಡದಂಥ ಹದಿನೆಂಟು ಕಾದಂಬರಿ ಬರೆದವ. ಅವುಗಳಲ್ಲಿ ಪ್ರೇಮಿಗಳನ್ನು ಮುಂಬಯಿ ತುಂಬ ಓಡಾಡಿಸಿದ್ದ. ತಾನು ಮಾತ್ರ ಈ ಕಡೆ ಕಾಲಿಟ್ಟದ್ದು ೧೯೭೮ರ ಆ ಸಂಜೆಯೇ ಮೊದಲು.

"ನಾ ಈ ಊರು ನೋಡೇ ಇರಲಿಲ್ರಿ," ಎಂದ ಮೆಲ್ಲಗೆ. ಪಾಪ, ಸುಳ್ಳು ಹೇಳಲೂ ಬರಲಿಲ್ಲ!

ಮರುದಿನ ಬೆಳಿಗ್ಗೆ ಸ್ವರ್ಣಲತಾಳ ಅಪ್ಪನ ಉಡುಪಿ ಹೋಟೆಲಿನಲ್ಲಿ ಅವನ ಮುಂದಿನ ಇಡ್ಲಿ ತಣ್ಣಗಾಗಿತ್ತು. ಕಾಫಿಯನ್ನು ಅವಳೇ ತಂದಳು.

"ಕೋಪವಾ?"

"ಕೋಪ ಯಾಕ್ರಿ? ಖರೇನ ಕೇಳಿದ್ರಿ. ಊರಿಗೆ ಹೋಗಿ ಪೆನ್ನು ಮುಚ್ಚಿಡ್ತೀನಿ. ಇನ್ನ ಬರಿಯೂದಿಲ್ಲ."

ಅವನು ತನ್ನ ಕಡೆ ಒಮ್ಮೆ ನೋಡಲಿ ಎಂದಷ್ಟೇ ನಿನ್ನೆ ಅವಳು ಎದ್ದು ನಿಂತದ್ದು. ಈಗ ನೋಡಿದರೆ ಬರೆಯುವ ಕೈಯನ್ನೇ ಕಟ್ಟಿಹಾಕಿದಂತಾಗಿತ್ತು. ಎಂಥ ಬಾಯಿ ತನ್ನದು!

"ಏಳಿ," ಎಂದಳು. "ದಾರಿ ನಾನೇ ತೋರಿಸ್ತೇನೆ."

ರೈಲು ಹಳಿ ದಾಟಿ ಪಶ್ಚಿಮಕ್ಕೆ ನಡೆದರು. ಬಹಳ ಹೊತ್ತಿನ ಮೇಲೆ ಹಿನ್ನೀರಿನ ಖಾಡಿ ಬಂತು: ಕೆಸರು, ಮರಳು ತುಂಬಿದ ದೋಣಿಗಳು, ಉಪ್ಪು ಗಾಳಿ.

"ಇದು ಸಮುದ್ರದ ನೀರೇ. ಭರತದ ಹೊತ್ತಿಗೆ ಇಲ್ಲಿವರೆಗೂ ಬರ್ತದೆ. ನೀವು ಬರೆದದ್ದು ಅಷ್ಟೇನೂ ಸುಳ್ಳಲ್ಲ."

ಹಯಗ್ರೀವ ನೀರು ನೋಡಲಿಲ್ಲ. ಗಾಳಿಗೆ ಹಾರುತ್ತಿದ್ದ ಅವಳ ಮುಂಗುರುಳು ನೋಡಿದ. ಸಿಕ್ಕಿಬಿದ್ದ ಕೂಡಲೇ ತನ್ನ ಚಪ್ಪಲಿ ನೋಡಿಕೊಂಡ. ಸ್ವರ್ಣಲತಾಳಿಗೆ ಒಳಗೊಳಗೇ ಖುಷಿಯೋ ಖುಷಿ.

"ಬರೀತೀರಲ್ಲ?"

"ಬರೀಬೇಕಂದ್ರ ಮೊದಲ ನೋಡಬೇಕಲ್ರಿ. ಊರೆಲ್ಲಾ ತೋರಸವ್ರು ಒಬ್ರು ಬೇಕು."

"ನಾನಿದ್ದೇನಲ್ಲ. ಎಷ್ಟು ದಿನ ತೋರಿಸ್ಬೇಕು?"

ಅವನು ಈ ಸಲ ಕಣ್ಣು ತಗ್ಗಿಸಲಿಲ್ಲ. "ನಾ ಸಾಯೂತನಕ ಬರಿಯಾಂವ ಇದ್ದೀನ್ರಿ."

ಅವಳಿಗೆ ಅರ್ಥವಾಯಿತು, ಕೆನ್ನೆ ಬಿಸಿಯಾಯಿತು. ಅಷ್ಟು ಕಾದಂಬರಿಗಳಲ್ಲಿ ಅವನ ಒಬ್ಬ ಹೀರೊನೂ ಇಷ್ಟು ಚೆಂದ ಕೇಳಿರಲಿಲ್ಲ.

"ಹಾಗಾದ್ರೆ ಬೇಗ ಬನ್ನಿ," ಎಂದು ಅವಳೇ ಅವನ ಕೈ ಹಿಡಿದು ಎಳೆದಳು. "ಊಟದ ರಶ್ ಶುರುವಾಗುವ ಮೊದಲು ಅಪ್ಪ ಗಲ್ಲಾದಲ್ಲಿ ಒಬ್ಬರೇ ಕೂತಿರ್ತಾರೆ."