ಹದಿನೇಳನೇ ನಂಬರಿನ ದಡ್ಡ

ಆಕೆ ನಮ್ಮ ಟ್ಯುಟೋರಿಯಲ್ಲಿಗೆ ಬಂದ ದಿನ ಬಗಲಲ್ಲಿ ವೀಡಿಯೋ ತೆಗೆಯುವವರ ಒಂದು ದುಂಡು ದೀಪವಿತ್ತು. ಅದರ ನಡುವೆ ದೊಡ್ಡ ತೂತು. ನೋಡಿದ ಕೂಡಲೇ ಆಕೆಯ ಪಾಠದ ಬಗ್ಗೆಯೂ ನನಗೊಂದು ಅಂದಾಜು ಸಿಕ್ಕಿತು.

ನಾನು ರೇಖಾಗಣಿತದ ಮೇಷ್ಟ್ರು. ವಯಸ್ಸು ನಲವತ್ತಾರು. ಮದುವೆಯಾಗಿಲ್ಲ. ಕೂದಲು ಬೆಳ್ಳಗಾಗಿರುವುದು ಸೀಮೆಸುಣ್ಣದ ಧೂಳಿನಿಂದ ಎಂದು ಹೇಳಿಕೊಂಡು ಓಡಾಡುತ್ತೇನೆ. ನಾನು ಬರಿಗೈಯಲ್ಲಿ ಹಾಕಿದ ವೃತ್ತವನ್ನು ಒಮ್ಮೆ ಶಾಲಾ ಇನ್ಸ್‌ಪೆಕ್ಟರೊಬ್ಬರು ಕೈವಾರ ಇಟ್ಟು ಪರೀಕ್ಷಿಸಿದರು. ಸೊಟ್ಟಗಿದ್ದದ್ದು ಕೈವಾರ. ನಾನು ಎಳೆದ ಸಮಾನಾಂತರ ರೇಖೆಗಳು ಬೋರ್ಡು ದಾಟಿ, ಗೋಡೆ ದಾಟಿ, ಪಕ್ಕದ ಕ್ಷೌರದಂಗಡಿಯವರೆಗೂ ಹೋಗಿವೆ. ಅವು ಇನ್ನೂ ಒಂದನ್ನೊಂದು ಮುಟ್ಟಿಲ್ಲವೆಂದು ಅಂಗಡಿಯವನು ದಿನಾ ಬೆಳಿಗ್ಗೆ ನನಗೆ ವರದಿ ಕೊಡುತ್ತಾನೆ.

ಇಂಥ ಮನುಷ್ಯನ ಕೋಣೆಯ ನಡುವೆ ಒಂದು ಪ್ಲೈವುಡ್ ನಿಲ್ಲಿಸಿ, ಆ ಕಡೆಗೆ ‘ಸ್ಟುಡಿಯೋ’ ಎಂದು ಹೆಸರಿಟ್ಟರು. ಈ ಕಡೆ ನಾನು ಮೂವತ್ತೊಂದು ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಆ ಕಡೆ ಆಕೆ ಒಬ್ಬಳೇ ಕೂತು ಗೋಡೆಗೆ ಪಾಠ ಮಾಡುತ್ತಿದ್ದಳು. ನಾನು ಆಕೆಗೆ ‘ಡಬ್ಬಿ ಮೇಡಂ’ ಎಂದು ಹೆಸರಿಟ್ಟೆ.

“ಏನ್ ಮೇಡಂ, ಗೋಡೆಗೆ ಅರ್ಥ ಆಯ್ತಂತಾ?” ಎಂದು ಮೊದಲ ವಾರವೇ ಕೇಳಿದೆ.

“ಗೋಡೆ ಆಕಳಿಸಲ್ಲ ಮೇಷ್ಟ್ರೇ. ನಿಮ್ಮ ಕ್ಲಾಸಿನ ಆಕಳಿಕೆ ಎಲ್ಲಾ ನನ್ನ ಮೈಕಲ್ಲಿ ರೆಕಾರ್ಡ್ ಆಗ್ತಿದೆ.”

“ಪಾಠ ಅನ್ನೋದು ಬಿಸಿಬಿಸಿ ಇರ್ಬೇಕು. ಡಬ್ಬಿಗೆ ತುಂಬಿಡೋದಲ್ಲ.”

“ಇಪ್ಪತ್ತೆರಡು ವರ್ಷದಿಂದ ಅದೇ ಪಾಠ, ಅದೇ ಜೋಕು. ಅದು ಬಿಸಿನಾ? ನಿಮ್ಮ ಜೋಕಿಗೆ ಯಾವಾಗ ನಗ್ಬೇಕು ಅಂತ ಈ ಪ್ಲೈವುಡ್ಡಿಗೂ ಗೊತ್ತಾಗಿದೆ.”

ಹಾಗೆಂದು ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಎಡ ಹುಬ್ಬು ಮೂವತ್ತು ಡಿಗ್ರಿ ಏರಿತು. ನಾನು ಅಳೆಯಲಿಲ್ಲ, ಅಂಥದ್ದು ನನಗೆ ಕಣ್ಣಂದಾಜಿಗೇ ತಿಳಿಯುತ್ತದೆ.

ಟ್ಯುಟೋರಿಯಲ್ಲಿನ ಯಜಮಾನ ನಮ್ಮಿಬ್ಬರನ್ನೂ ಕರೆಸಿದ. ಆತನಿಗೆ ರೇಖೆಗೂ ದಾರಕ್ಕೂ ವ್ಯತ್ಯಾಸ ಗೊತ್ತಿಲ್ಲ. “ತಿಂಗಳ ಕೊನೆ ಒಳಗೆ ಮೇಡಮ್ಮಿನ ತ್ರಿಕೋನದ ವೀಡಿಯೋ ಐನೂರು ವ್ಯೂಸ್ ದಾಟಿದ್ರೆ ಬೋರ್ಡ್ ಕಿತ್ತಾಕ್ಬಿಡೋಣ. ಸ್ಟುಡಿಯೋ ದೊಡ್ಡದು ಮಾಡೋಣ. ಮೇಷ್ಟ್ರೇ, ನೀವು ಆರಾಮಾಗಿ ಹಾಜರಿ ಪುಸ್ತಕ ನೋಡ್ಕೊಳ್ಳಿ” ಎಂದ.

ಬೋರ್ಡೇ ಇಲ್ಲದ ಮೇಲೆ ಯಾರ ಹಾಜರಿ ಎಂದು ಗೊಣಗುತ್ತಾ ಹೊರಬಂದೆ.

ಆ ಸಂಜೆಯೇ ಶತ್ರುವಿನ ಪಾಠದಲ್ಲಿ ತಪ್ಪು ಹುಡುಕಲು ಕೂತೆ. ನನ್ನ ಹಳೇ ಫೋನಿನಲ್ಲಿ ವೀಡಿಯೋ ಓಡುವುದಿಲ್ಲ. ಅಕ್ಕನ ಫೋನಿನಿಂದ ಆಕೆಯ ಆನ್‌ಲೈನ್ ಕ್ಲಾಸಿಗೆ ಸೇರಿಕೊಂಡೆ. ನನ್ನಕ್ಕ ಬಟ್ಟೆ ಹೊಲಿಯುವವಳು. ಬಾಯಿ ಅವಳ ಕತ್ತರಿಗಿಂತ ಹರಿತ. ಪೋಷಕರ ಜಾಗದಲ್ಲಿ ಅವಳ ನಂಬರ್ ಹಾಕಿದೆ. ನನಗೆ ವಿದ್ಯಾರ್ಥಿ ಹದಿನೇಳು ಎಂಬ ಪಟ್ಟ ಸಿಕ್ಕಿತು.

ಪಾಠ ನಾನು ಎಣಿಸಿದಂತೆಯೇ ಇತ್ತು. ಆಕೆಯ ವೃತ್ತಗಳು ಆಲೂಗಡ್ಡೆಗಳು. ತ್ರಿಕೋನಗಳಿಗೆ ಸೊಂಟ ನೋವು. ನಾನು ಖುಷಿಯಿಂದ ತಪ್ಪುಗಳ ಪಟ್ಟಿ ಮಾಡುತ್ತಿದ್ದೆ. ಆಗ ಆಕೆ ಪೆನ್ನು ಕೆಳಗಿಟ್ಟು ನೇರವಾಗಿ ನನ್ನತ್ತ ನೋಡಿದಳು.

“ತ್ರಿಕೋನದ ಮೂರೂ ಕೋನ ಕೂಡಿಸಿದ್ರೆ ಎಷ್ಟು? ಅವಸರ ಇಲ್ಲ. ಯೋಚನೆ ಮಾಡಿ. ನಾನು ಕಾಯ್ತೀನಿ.”

ಕಾದಳು. ಏಳು ಸೆಕೆಂಡು. ಸುಮ್ಮನೆ, ಕಣ್ಣು ಕದಲಿಸದೆ. ನಾನು ಉತ್ತರ ಹೇಳಿಯೇ ಹೇಳುತ್ತೇನೆ ಎಂಬ ನಂಬಿಕೆ ಆ ಮುಖದಲ್ಲಿತ್ತು.

ನಲವತ್ತಾರು ವರ್ಷದಲ್ಲಿ ನನಗಾಗಿ ಏಳು ಸೆಕೆಂಡು ಯಾರೂ ಕಾದಿಲ್ಲ. ಬಸ್ಸೂ ಕಾದಿಲ್ಲ.

“ನೂರಾ ಎಂಬತ್ತು” ಎಂದೆ, ಮೆಲ್ಲಗೆ. ಆಮೇಲೆ ಹಿಂದಕ್ಕೆ ಓಡಿಸಿ, ಇನ್ನೊಮ್ಮೆ ಉತ್ತರ ಹೇಳಿದೆ. ಮಾರನೆಯ ದಿನವೂ ಹೇಳಿದೆ. ತಪ್ಪುಗಳ ಪಟ್ಟಿ ಎಲ್ಲಿ ಹೋಯಿತೋ ಗೊತ್ತಿಲ್ಲ. ಹಗಲೆಲ್ಲ ಪ್ಲೈವುಡ್ಡಿನ ಈ ಕಡೆಯಿಂದ ಆಕೆಯನ್ನು ಅಣಕಿಸುವುದು, ಸಂಜೆ ಅಕ್ಕನ ಫೋನಿನಲ್ಲಿ ಆಕೆ ನನಗಾಗಿ ಕಾಯುವುದನ್ನು ನೋಡುವುದು. ತಿಂಗಳು ಹೀಗೆ ಕಳೆಯಿತು.

ಕೊನೆಯ ವಾರ ಅಕ್ಕನಿಗೆ ಮೆಸೇಜ್ ಬಂತು: ‘ವಿದ್ಯಾರ್ಥಿ ಹದಿನೇಳು ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದಾನೆ. ಪೋಷಕರು ಬಂದು ಕಾಣಬೇಕು.’

ಕಂಪ್ಯೂಟರಿನಲ್ಲಿ ಯಾರು ಏನು ಎಷ್ಟು ಸಲ ನೋಡಿದರು ಎಂಬ ಲೆಕ್ಕ ಇರುತ್ತದೆಂದು ನನಗೇನು ಗೊತ್ತು? ಬೋರ್ಡು ಎಂದಾದರೂ ಯಾರ ಚಾಡಿ ಹೇಳಿದೆಯೇ?

“ಹೋಗ್ಬೇಡ ಅಕ್ಕಾ.”

“ನೀನು ಹತ್ತನೇ ಕ್ಲಾಸಲ್ಲಿದ್ದಾಗ್ಲೂ ಹಿಂಗೇ ಅಂದಿದ್ದೆ” ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಮಕ್ಕಳೆಲ್ಲ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ನಿಂತು ಪ್ಲೈವುಡ್ಡಿಗೆ ಕಿವಿಯಿಟ್ಟೆ.

“ನಲವತ್ಮೂರು ಸಲ ನೋಡಿದಾನಮ್ಮ. ಅದೂ ಈ ಏಳು ಸೆಕೆಂಡಷ್ಟೇ” ಎನ್ನುತ್ತಿದ್ದಳು ಆಕೆ. ದನಿಯಲ್ಲಿ ನಿಜವಾದ ಕಳವಳವಿತ್ತು. “ಅವನಿಗೋಸ್ಕರ ಬೇರೆ ಪಾಠ ಮಾಡಿಟ್ಟೆ. ಅದನ್ನ ಮುಟ್ಟೇ ಇಲ್ಲ. ಯಾರೋ ಮೇಷ್ಟ್ರು ಬೈದೂ ಬೈದೂ ಹೆದರಿಸಿರ್ಬೇಕು.”

“ಯಾವ ಪ್ರಶ್ನೆ?”

“ತ್ರಿಕೋನದ ಕೋನ ಕೂಡಿಸಿದ್ರೆ ಎಷ್ಟು ಅಂತ.”

“ಅಯ್ಯೋ, ನೂರಾ ಎಂಬತ್ತು. ಅದು ನಂಗೇ ಗೊತ್ತು.”

“ಮತ್ತೆ ಅವನ್ಯಾಕೆ ಮುಂದೆ ಹೋಗ್ತಿಲ್ಲ?”

ಅಕ್ಕ ಪ್ಲೈವುಡ್ಡಿಗೆ ಮುಷ್ಟಿಯಿಂದ ಗುದ್ದಿದಳು. ಸರಿಯಾಗಿ ನನ್ನ ಕಿವಿಯ ಮೇಲೆ.

“ಲೋ! ಯಾಕೋ ಮುಂದೆ ಹೋಗ್ತಿಲ್ಲ? ಮೇಡಂ ಕೇಳ್ತಿದಾರೆ, ಹೇಳೋ!”

ಆ ಕಡೆ ಕುರ್ಚಿ ಸರಿಯಿತು. ಆಮೇಲೆ ಹೆಜ್ಜೆ ಸದ್ದು. ಆಕೆ ಮೊದಲ ಬಾರಿಗೆ ನನ್ನ ಕ್ಲಾಸಿನೊಳಗೆ ಕಾಲಿಟ್ಟಳು. ಕೈಯಲ್ಲಿ ಒಂದು ಹಾಳೆ. ಹುಬ್ಬು ಈ ಸಲ ತೊಂಬತ್ತು ಡಿಗ್ರಿಗೆ ಹೋಗಿತ್ತು.

“ಹದಿನೇಳನೇ ನಂಬರ್ ದಡ್ಡ ನೀವಾ?”

“ತಪ್ಪು ಹುಡುಕ್ತಿದ್ದೆ.”

“ನಾನು ಬಾಯಿ ಮುಚ್ಕೊಂಡು ಕೂತಿರೋ ಏಳು ಸೆಕೆಂಡಲ್ಲಾ?”

ನಾನು ಸೀಮೆಸುಣ್ಣ ಮುರಿಯುತ್ತಾ ನಿಂತೆ. ಆಕೆ ಹಾಳೆಯನ್ನು ಮೇಜಿನ ಮೇಲೆ ಕುಕ್ಕಿದಳು. “ನೋಡಿ. ಒಟ್ಟು ಐನೂರಾ ಹತ್ತೊಂಬತ್ತು. ನಾನು ಗೆದ್ದೆ. ಅದರಲ್ಲಿ ನಲವತ್ಮೂರು ನಿಮ್ಮದು. ನಿಮ್ಮ ಬೋರ್ಡಿಗೆ ನೀವೇ ಗರಗಸ ಹಾಕಿದೀರಿ. ಇಂಥ ಪೆದ್ದನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ.”

ಹೌದು. ತಪ್ಪು ಹುಡುಕಲು ಹೊರಟವನು ಬೋರ್ಡನ್ನೇ ಕಳೆದುಕೊಂಡಿದ್ದೆ.

ಆಕೆ ಪೆನ್ನು ತೆಗೆದು ಅಂಕಿಯನ್ನು ಹೊಡೆದು ಹಾಕಿ, ನಾನೂರಾ ಎಪ್ಪತ್ತಾರು ಎಂದು ಬರೆದಳು. “ಮೇಷ್ಟ್ರು ನೋಡಿದ್ದು ಲೆಕ್ಕಕ್ಕಿಲ್ಲ ಅಂತ ಯಜಮಾನರಿಗೆ ಹೇಳ್ತೀನಿ. ಕಾರಣ ಹೇಳಲ್ಲ. ನಿಮ್ಮ ದಯೆಯಿಂದ ಗೆಲ್ಲೋಷ್ಟು ನಾನಿನ್ನೂ ಕೆಳಗಿಳಿದಿಲ್ಲ.”

“ಬೋರ್ಡ್ ಉಳೀತಾ ಹಾಗಾದ್ರೆ?”

“ಬೋರ್ಡ್ ಉಳೀತು. ಮಾನ ಹೋಯ್ತು.” ಬಾಗಿಲಿನತ್ತ ತಿರುಗಿದವಳು ನಿಂತಳು. ಬೋರ್ಡಿನ ಮೇಲಿದ್ದ ನನ್ನ ವೃತ್ತವನ್ನು ನೋಡಿದಳು, ಬಹಳ ಹೊತ್ತು. “ಆ ಏಳು ಸೆಕೆಂಡಲ್ಲಿ ನಂಗೆ ಏನು ಕಾಣುತ್ತೆ ಗೊತ್ತಾ? ಪ್ಲೈವುಡ್ಡು, ಒಂದು ಮೊಳೆ. ಆ ಮೊಳೆ ನೋಡ್ತಾ ಕೂತಿರ್ತೀನಿ. ಇವತ್ತಿನವರೆಗೂ ಒಬ್ಬರೂ ಉತ್ತರ ಕೊಟ್ಟಿಲ್ಲ.”

“ನಾನು ಕೊಟ್ಟಿದೀನಿ. ನಲವತ್ಮೂರು ಸಲ. ಪ್ರತಿ ಸಲಾನೂ ಸರಿ ಉತ್ತರ.”

ಆಕೆಯ ಹುಬ್ಬು ಮೆಲ್ಲಗೆ ಇಳಿಯಿತು. ಹೋಗಲಿಲ್ಲ. ಮೊದಲ ಬೆಂಚಿನಲ್ಲಿ ಕೂತು, ಮೂಗು ಮುರಿದು, “ಬೆಂಚು ಎಷ್ಟು ಗಟ್ಟಿ! ಮಕ್ಕಳು ಪಾಪ” ಎಂದಳು.

ನಾನು ಸೀಮೆಸುಣ್ಣ ಕೆಳಗಿಟ್ಟೆ.

“ನನ್ನನ್ನ ಮದ್ವೆ ಆಗ್ತೀರಾ? ಅವಸರ ಇಲ್ಲ. ಯೋಚನೆ ಮಾಡಿ. ನಾನು ಕಾಯ್ತೀನಿ.”

ಒಂದು. ಎರಡು. ಪ್ಲೈವುಡ್ಡಿನ ಆಚೆ ಅಕ್ಕ ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮೂರು. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ನಾಲ್ಕು.

“ಜೋಕು ಬದಲಾಯಿಸ್ಬೇಕು” ಎಂದಳು. “ಹಳೇದು ಒಂದೂ ನಡೆಯಲ್ಲ. ಹಾಗಾದ್ರೆ ಹೂಂ.”

ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ, ನಾನು ಸೀಮೆಸುಣ್ಣ ಎಸೆಯದೆ ಮೊದಲ ಬೆಂಚಿನಿಂದ ಬಂದ ಮೊದಲ ಉತ್ತರ ಅದು.