ಓಗ್ಬಾ, ಆಪಿ

“ಓಗ್ಬಾ,” ಎಂದಳು ಮಾಯಮ್ಮ.

ಆಪಿ ಮರದ ಪೆಟ್ಟಿಗೆಯೊಳಗೆ ಹೋಯಿತು. ಒಂದು ಸುತ್ತು ಮೂಸಿ ನೋಡಿತು. ಆಮೇಲೆ ಹೊರಗೆ ಬಂದು, ಹೇಳಿದ ಕೆಲಸ ಮುಗಿಸಿದೆನೆಂಬ ಜಂಬದಲ್ಲಿ ಬಾಲ ಅಲ್ಲಾಡಿಸುತ್ತ ಅವಳ ಕಾಲಬುಡದಲ್ಲಿ ಕೂತಿತು.

ಚಲುವಯ್ಯನಿಗೆ ನಗು ತಡೆಯಲಾಗಲಿಲ್ಲ. ಚನ್ನರಾಯಪಟ್ಟಣದ ದನದ ಆಸ್ಪತ್ರೆಯಲ್ಲಿ ಅವನು ಕಾಂಪೌಂಡರ್. ನಾಯಿಗೆ ಸೂಜಿ ಹಾಕುವ ಕೆಲಸ ಯಾವಾಗಲೋ ಮುಗಿದಿತ್ತು, ಆದರೂ ಅವನ ಸೈಕಲ್ ಬಾಗೂರಿನ ದಾರಿ ಮರೆತಿರಲಿಲ್ಲ.

“ಓಗ್ಬಾ ಅಂದ್ರೆ ಓಗಿ ಬತ್ತದೆ. ಪಾಪ, ಅದರದ್ದೇನು ತಪ್ಪು? ಬರೀ ಓಗು ಅನ್ನಿ.”

“ಬುಡ್ತು ಅನ್ನಿ! ದೇಸ ಬುಟ್ಟು ಓಗೋ ಜೀವಕ್ಕೆ ಯಾರಾದ್ರೂ ಓಗು ಅಂತಾರಾ?”

“ಅಂಗಾದ್ರೆ ವಿಮಾನ ಅತ್ತಿ, ಇಳ್ಕಂಡು, ಬಾಗೂರಿಗೇ ವಾಪಸ್ ಬತ್ತದೆ ಬುಡಿ.”

ಅರವತ್ತೊಂದನೇ ಇಸವಿಯ ಮಾತು ಇದು. ಬಾಗೂರಿನ ಹೆರಿಗೆ ಆಸ್ಪತ್ರೆ ನೋಡಿಕೊಳ್ಳುತ್ತಿದ್ದ ಮಿಸ್ಸಮ್ಮ ತಮ್ಮ ದೇಶ ಸ್ವಿಟ್ಜರ್ಲೆಂಡಿಗೆ ಹೊರಟಿದ್ದರು. ಸಂತೆಯಲ್ಲಿ ಸಿಕ್ಕ ಬೀದಿಮರಿಗೆ ಅವರು ಇಟ್ಟ ಹೆಸರು ಹ್ಯಾಪಿ. ಊರ ಬಾಯಿಗೆ ಬಿದ್ದು ಅದು ಆಪಿಯಾಯಿತು. ಆಪಿಯನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಪೆಟ್ಟಿಗೆಯೊಳಗೆ ತೆಪ್ಪಗಿರದ ನಾಯಿಯನ್ನು ವಿಮಾನದವರು ಹತ್ತಿಸಿಕೊಳ್ಳುವುದಿಲ್ಲವಂತೆ. ಆಪಿಯೋ, ಚಿಲಕ ಹಾಕಿದರೆ ಸಾಕು, ಊರೆಲ್ಲ ಶಾಪ ಹಾಕುವಂತೆ ಊಳಿಡುತ್ತಿತ್ತು. ದಿನಾ ಕೈಯಾರೆ ಮುದ್ದೆ ತಿನ್ನಿಸಿದ ಆಯಾ ಮಾಯಮ್ಮನ ಮಾತು ಬಿಟ್ಟರೆ ಅದು ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ.

“ವಿಮಾನ ಅತ್ತೋ ನಾಯಿ!” ಅಡುಗೆಯ ಗುರುಸಿದ್ದಮ್ಮನಿಗೆ ಅದೇ ಸಂಕಟ. “ನಾನಿನ್ನೂ ರೈಲೇ ಅತ್ತಿಲ್ಲ. ಅದ್ಸರಿ, ಒಂದು ಸೂಜಿ ಆಕಕ್ಕೆ ಈ ಕಾಂಪೌಂಡ್ರು ಎಷ್ಟು ದಪ ಬರ್ಬೇಕವ್ವ?”

“ನನ್ನೇನು ಕೇಳ್ತೀಯ?” ಎಂದು ಮಾಯಮ್ಮ ರೇಗಿದಳು.

“ಕುಂಬ್ಳಕಾಯಿ ಕಳ್ಳ ಅಂದ್ರೆ ಎಗಲು ಮುಟ್ಕಂಡ್ನಂತೆ,” ಎಂದು ಗುರುಸಿದ್ದಮ್ಮ ಒಲೆ ಊದಲು ಹೋದಳು.

ವಿಮಾನದ ಸದ್ದು ರೂಢಿಯಾಗಲಿ ಎಂದು ಒಂದು ಮಧ್ಯಾಹ್ನ ಆಪಿಯನ್ನೂ ಪೆಟ್ಟಿಗೆಯನ್ನೂ ಎತ್ತಿನ ಗಾಡಿಯಲ್ಲಿ ಹಿಟ್ಟಿನ ಮಿಲ್ಲಿಗೆ ಒಯ್ದರು. ಮಿಷನ್ನು ಗಡಗಡ ಎಂದು ನೆಲ ನಡುಗಿಸುತ್ತಿತ್ತು. ರಾಗಿಹಿಟ್ಟು ಹಾರಿ ಚಲುವಯ್ಯನ ಮೀಸೆ ಬೆಳ್ಳಗಾಗಿತ್ತು. ಮಾಯಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಅವನು ಅವಳನ್ನೇ ನೋಡುತ್ತ ಏನೋ ಹೇಳಿದ. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ.

“ಏನಂದ್ರಿ?” ಎಂದು ಕೂಗಿದಳು.

ಅಷ್ಟರಲ್ಲಿ ಮಿಷನ್ನು ನಿಂತಿತು.

“ನಾಯಿಗೆ ನೀರು ಇಟ್ರಾ ಅಂದೆ,” ಎಂದ ಅವನು.

ನೀರಿನ ಮಾತಾಡಿದರೆ ಯಾರ ಕಿವಿಯೂ ಹಾಗೆ ಕೆಂಪಾಗುವುದಿಲ್ಲ. ಅದು ಮಾಯಮ್ಮನಿಗೂ ಗೊತ್ತಿತ್ತು.

ಅವನಲ್ಲಿ ಒಂದೇ ಒಂದು ಅವಳಿಗೆ ಹಿಡಿಸುತ್ತಿರಲಿಲ್ಲ. ಸೈಕಲ್ ಹತ್ತುವಾಗ ಎಲ್ಲರಂತೆ ‘ಬತ್ತೀನಿ’ ಎನ್ನದೆ, ‘ಓಗ್ತೀನಿ’ ಎನ್ನುತ್ತಿದ್ದ.

“ಬತ್ತೀನಿ ಅನ್ಬಾರ್ದಾ?” ಎಂದು ಅಂದು ಮಿಲ್ಲಿನಿಂದ ವಾಪಸು ಬಂದಮೇಲೆ ಕೇಳಿಯೇಬಿಟ್ಟಳು.

“ಸುಳ್ಳು ಎಂಗೇಳ್ಲಿ? ನಾಯಿ ಓದ್ಮೇಲೆ ಯಾವ ನೆಪ ಇಟ್ಕಂಡು ಬರ್ಲಿ?”

ಮಾಯಮ್ಮ ಆಪಿಯ ಕಡೆ ನೋಡಿದಳು. ಹೌದಲ್ಲ, ಆಪಿ ಹೊರಟ ದಿನ ಈ ಸೈಕಲ್ ಬೆಲ್ಲೂ ನಿಲ್ಲುತ್ತದೆ.

ಅಷ್ಟರಲ್ಲಿ ಗುರುಸಿದ್ದಮ್ಮ ಒಳಗಿಂದ ಕೂಗಿದಳು: “ಇರು ಮಗ, ಕಾಪಿ ಕುಡ್ಕಂಡು ಓಗಿವಂತೆ!”

ಚಲುವಯ್ಯ ಸೈಕಲ್ ಗೋಡೆಗೆ ಒರಗಿಸಿ ಜಗಲಿಯ ಮೇಲೆ ಕೂತ. ಮಾಯಮ್ಮ ಕಣ್ಣರಳಿಸಿದಳು. ಇರು! ಆಪಿಗೆ ಬೇಕಾದ ಮಾತು ಇದೇ. ಇದರಲ್ಲಿ ಅಪಶಕುನವಿಲ್ಲ, ವಾಪಸು ಬರುವ ತಂಟೆಯೂ ಇಲ್ಲ.

ಆದರೆ ಆ ಮಾತು ಬಾಯಿಂದ ಹೊರಡಲಿಲ್ಲ. ಕಲಿಸಿದರೆ ಆಪಿ ಹೋಗುತ್ತದೆ, ಇವನೂ ಹೋಗುತ್ತಾನೆ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಎರಡು ದಿನ ಹಾಗೆಯೇ ನುಂಗಿಕೊಂಡಳು. ಮೂರನೆಯ ಬೆಳಿಗ್ಗೆ ನೋಡಿದರೆ, ಮಿಸ್ಸಮ್ಮ ಆಪಿಯ ಕತ್ತು ತಬ್ಬಿ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಿದ್ದರು. “ಮಾಯಾ, ಇವನು ಬರೋದಿಲ್ಲ. ನೀನು ಇಟ್ಕೋ,” ಎಂದರು. ಕಣ್ಣು ಕೆಂಪಗಿದ್ದವು.

ಥೂ, ನನ್ನ ಆಸೆಗೆ ಬೆಂಕಿ ಬೀಳ ಎಂದುಕೊಂಡಳು ಮಾಯಮ್ಮ. ತನ್ನ ಹಳೆಯ ಸೀರೆಯೊಂದನ್ನು ಪೆಟ್ಟಿಗೆಯೊಳಗೆ ಹಾಸಿದಳು. ಆಪಿ ಒಳಗೆ ಹೋದದ್ದೇ, “ಇರು,” ಎಂದು ಮುದ್ದೆಯ ತುತ್ತು ಕೊಟ್ಟಳು. ಆಪಿ ಅಲ್ಲೇ ಇತ್ತು. ನಾಲ್ಕಾರು ದಿನದಲ್ಲಿ ಚಿಲಕ ಹಾಕಿದರೂ ಗೊರಕೆ ಹೊಡೆಯತೊಡಗಿತು. ಆ ಮಾತನ್ನು ಮಿಸ್ಸಮ್ಮನ ಬಾಯಿಗೂ ರೂಢಿ ಮಾಡಿಸಿದಳು.

ಹೊರಡುವ ದಿನ ಟ್ಯಾಕ್ಸಿ ಬಂತು. ಬೆಂಗಳೂರು, ಬೊಂಬಾಯಿ, ಆಮೇಲೆ ಕಡಲಾಚೆ. ಮಿಸ್ಸಮ್ಮ ಮಾಯಮ್ಮನನ್ನು ತಬ್ಬಿ, “ಹೋಗಿ ಬರ್ತೀನಿ,” ಎಂದರು. ಪೆಟ್ಟಿಗೆಯ ಸರಳಿನ ಸಂದಿಯಿಂದ ಆಪಿ ಅವಳ ಬೆರಳು ನೆಕ್ಕಿತು. “ಇರು ಕಂದ,” ಎಂದಳು ಮಾಯಮ್ಮ. ಅದು ಇತ್ತು. ಅವಳಿಗೇ ಇರಲಾಗಲಿಲ್ಲ, ಟ್ಯಾಕ್ಸಿ ತಿರುವು ದಾಟುವವರೆಗೂ ಅತ್ತಳು.

ಚಲುವಯ್ಯ ಸೈಕಲ್ ಹಿಡಿದು ನಿಂತಿದ್ದ.

“ಇನ್ನು ನಾ ಓಗ್ತೀನಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಓಗ್ಬಾ,” ಎಂದಳು.

ಬನ್ನಿ ಅಲ್ಲ, ಬಾ! ಅವನು ಅರೆಗಳಿಗೆ ಅವಳನ್ನೇ ನೋಡಿ, ಪೆಡಲ್ ತುಳಿದ. ಹುಣಸೆಮರದವರೆಗೂ ಹೋದ. ಮುಗೀತು ಎಂದು ಮಾಯಮ್ಮ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಸೈಕಲ್ ಮರ ಸುತ್ತಿ, ಬಂದ ದಾರಿಯಲ್ಲೇ ವಾಪಸು ಬರುತ್ತಿತ್ತು.

“ಓಗ್ಬಂದೆ,” ಎಂದ ಅವನು ಏದುಸಿರು ಬಿಡುತ್ತ.

ಅಳುವಿನ ನಡುವೆಯೇ ಅವಳಿಗೆ ನಗು ಉಕ್ಕಿತು. “ಅವತ್ತು ಮಿಲ್ ತಾವ ಏನಂದಿದ್ದು?”

“ನಿನ್ನ ನೋಡ್ದೆ ನಂಗೆ ಇರಕ್ಕಾಗಲ್ಲ, ಮದ್ವೆಯಾಗ್ತೀಯಾ ಅಂದೆ. ಆ ಹಾಳು ಮಿಷನ್ ನಿಂತೋಯ್ತು. ಇನ್ನೊಂದ್ಸಲ ಅನ್ನಕ್ಕೆ ಧೈರ್ಯ ಬರ್ನಿಲ್ಲ.”

“ಈಗ ಇಡೀ ಊರಿಗೇ ಕೇಳುಸ್ತು ಕಣ್ಲಾ!” ಅಡುಗೆಮನೆಯಿಂದ ಗುರುಸಿದ್ದಮ್ಮ ಕೂಗಿದಳು.

ಮಾಯಮ್ಮನ ಕೆನ್ನೆ ಬಿಸಿಯಾಯಿತು. ಚಲುವಯ್ಯ ಸೈಕಲ್ಲಿನ ಬೆಲ್ಲನ್ನು ಸುಮ್ಮನೆ ಒಮ್ಮೆ ಬಾರಿಸಿ, “ಇನ್ನೇನಪ್ಪಣೆ?” ಎಂದ.

ಅವಳು ಪೆಟ್ಟಿಗೆ ಇದ್ದ ಖಾಲಿ ಜಾಗವನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

“ಇರು,” ಎಂದಳು.

ಚಲುವಯ್ಯ ಸೈಕಲ್ಲಿಗೆ ಬೀಗ ಹಾಕಿ, ಜಗಲಿಯ ಮೇಲೆ ಕೂತ.